ರಬ್ಬರ್ ಪ್ಯಾಡಿನಲ್ಲಿ ಕರೆಂಟ್ ಹೇಗೆ ಹರಿಯುತ್ತದೆ? ಅದೇ ಪ್ಲಾಸ್ಟಿಕ್ ಮೆದುಳಿಗೂ ಹೋಗುತ್ತದಾ?

ಪ್ರಶ್ನೆ: ಅಪ್ಪನ ಮಂಡಿನೋವಿಗೆ ಫಿಸಿಯೋಥೆರಪಿಯವರು ಕಪ್ಪು ರಬ್ಬರಿನ ಪ್ಯಾಡ್ ಕಟ್ಟಿ ಕರೆಂಟ್ ಕೊಡುತ್ತಾರೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ಸ್ಕೂಲಿನಲ್ಲಿ ಓದಿದ್ದೆವು. ಇದು ಹೇಗೆ? ಕರೆಂಟ್ ಹರಿಯುವ ಪ್ಲಾಸ್ಟಿಕ್ಕನ್ನು ಮೆದುಳು, ಹೃದಯಕ್ಕೂ ಹಾಕುತ್ತಾರೆ ಅಂತ ಎಲ್ಲೋ ಓದಿದೆ. ಚಿನ್ನ, ಪ್ಲಾಟಿನಂ ಇರುವಾಗ ಪ್ಲಾಸ್ಟಿಕ್ ಯಾಕೆ? ಅಮ್ಮನಿಗೆ ಪೇಸ್‌ಮೇಕರ್ ಇದೆ, ಸೊಂಟನೋವಿಗೆ ಅವರೂ ಈ ಮಷಿನ್ ಬಳಸಬಹುದಾ? ‘ಗ್ರಾಫೀನ್ ಬೆಲ್ಟ್’ ಅಂತ ಮಾರುತ್ತಾರಲ್ಲ, ಅದೂ ಇದೇನಾ?
— ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಅಮ್ಮನ ವಿಷಯ ಮುಗಿಸೋಣ, ಉಳಿದದ್ದಕ್ಕೆ ಅವಸರವಿಲ್ಲ. ಪೇಸ್‌ಮೇಕರ್ ಇರುವವರು ಹೃದಯದ ಡಾಕ್ಟರನ್ನು ಕೇಳದೆ ಈ ಮಷಿನ್ ಬಳಸಬಾರದು. ಪೇಸ್‌ಮೇಕರ್ ಕಣ್ಣುಮುಚ್ಚಿಕೊಂಡು ಮಿಡಿತ ಕೊಡುತ್ತಾ ಕೂರುವ ಯಂತ್ರವಲ್ಲ. ಹೃದಯ ತಾನಾಗಿ ಬಡಿಯಿತಾ ಅಂತ ಪ್ರತಿ ಸಲ ಕಾದು ನೋಡುತ್ತದೆ. ಬಡಿದಿದ್ದರೆ ಸುಮ್ಮನಿರುತ್ತದೆ, ಇಲ್ಲದಿದ್ದರೆ ತಾನೊಂದು ಮಿಡಿತ ಕೊಡುತ್ತದೆ. ಅದು ಹಿಡಿಯುವ ಹೃದಯದ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಈ ನೋವಿನ ಮಷಿನ್, ಅಂದರೆ ಟೆನ್ಸ್ ಮಷಿನ್, ಚರ್ಮದ ಮೇಲೆ ಕೊಡುವುದು ಹತ್ತಾರು ವೋಲ್ಟಿನ ಮಿಡಿತ. ಅದರಲ್ಲೊಂದು ಚೂರು ಪೇಸ್‌ಮೇಕರ್ ತಂತಿಗೆ ತಲುಪಿದರೂ ಅದು ‘ಹೃದಯ ಬಡಿಯಿತು’ ಅಂತ ತಪ್ಪು ತಿಳಿದು ಸುಮ್ಮನಾಗಬಹುದು. ಆ ಹೊತ್ತಿಗೆ ಹೃದಯ ಪೂರ್ತಿ ಪೇಸ್‌ಮೇಕರನ್ನೇ ನಂಬಿಕೊಂಡಿದ್ದರೆ ತಲೆ ತಿರುಗಿ ಬೀಳುವ ಅಪಾಯ ಇದೆ. ಹೊಸ ಪೇಸ್‌ಮೇಕರ್‌ಗಳಲ್ಲಿ ಇದಕ್ಕೆ ತಕ್ಕಮಟ್ಟಿಗೆ ತಡೆ ಇರುತ್ತದೆ. ಆದರೂ ಅದು ಡಾಕ್ಟರ್ ನೋಡಿ ಹೇಳಬೇಕಾದ ಮಾತು, ಮನೆಯಲ್ಲಿ ಮಾಡಿ ನೋಡುವ ವಿಷಯವಲ್ಲ.

ಇನ್ನು ಅಪ್ಪನ ಪ್ಯಾಡ್. ಸ್ಕೂಲಿನಲ್ಲಿ ಓದಿದ್ದು ಸುಳ್ಳಲ್ಲ. ಬರೀ ಸಿಲಿಕೋನ್ ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಆ ಪ್ಯಾಡಿನಲ್ಲಿ ಇರುವುದು ಬರೀ ರಬ್ಬರಲ್ಲ. ಅದರ ಕಪ್ಪು ಬಣ್ಣ ಇಂಗಾಲದ್ದು. ರಬ್ಬರ್ ಇನ್ನೂ ಮೆತ್ತಗಿರುವಾಗಲೇ ಕಾರ್ಬನ್ ಬ್ಲಾಕ್ ಅನ್ನುವ ಇಂಗಾಲದ ನುಣ್ಣನೆ ಪುಡಿಯನ್ನು ಕಲಸಿ, ಆಮೇಲೆ ಅಚ್ಚಿನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ರಬ್ಬರ್ ಮೆತ್ತನೆ ಮೈ ಕೊಡುತ್ತದೆ, ಇಂಗಾಲ ಕರೆಂಟಿಗೆ ದಾರಿ ಕೊಡುತ್ತದೆ. ಹೀಗೆ ಎರಡು ವಸ್ತು ಸೇರಿ ಒಂದರಿಂದಾಗದ ಕೆಲಸ ಮಾಡಿದರೆ ಅದನ್ನು ಕಾಂಪೋಸಿಟ್ ಅನ್ನುತ್ತೇವೆ. ರಬ್ಬರ್, ಪ್ಲಾಸ್ಟಿಕ್ಕಿನಂಥ, ಅಣುಗಳು ಉದ್ದ ಸರಪಳಿಯಾಗಿರುವ ವಸ್ತುವೇ ಪಾಲಿಮರ್. ಕರೆಂಟ್ ಹರಿಯುವ ಪಾಲಿಮರ್ ಕಾಂಪೋಸಿಟ್ ಅಂದರೆ ಏನೋ ಭಾರಿ ವಸ್ತು ಅನ್ನಿಸುತ್ತದೆ. ನಿಮ್ಮಪ್ಪ ಅದನ್ನು ಮಂಡಿಗೆ ಕಟ್ಟಿಕೊಂಡು ಕೂತಿದ್ದಾರೆ, ಅಷ್ಟೇ.

ಎಷ್ಟು ಪುಡಿ ಹಾಕಿದರೆ ಕರೆಂಟ್ ಹರಿಯುತ್ತದೆ? ಇಲ್ಲೊಂದು ಮಜಾ ಇದೆ. ಒಂದು ಹಳ್ಳ ದಾಟಲು ಕಲ್ಲು ಹಾಕುತ್ತಾ ಹೋಗುತ್ತೀರಿ ಅಂದುಕೊಳ್ಳಿ. ನಾಲ್ಕು ಕಲ್ಲು ಬಿದ್ದಾಗಲೂ ದಾಟಲು ಆಗುವುದಿಲ್ಲ, ಎಂಟು ಬಿದ್ದಾಗಲೂ ಆಗುವುದಿಲ್ಲ. ಯಾವುದೋ ಒಂದು ಕಲ್ಲು ಬಿದ್ದ ಮೇಲೆ ಈ ದಡದಿಂದ ಆ ದಡಕ್ಕೆ ಹೆಜ್ಜೆ ಸಿಕ್ಕಿಬಿಡುತ್ತದೆ. ಇಂಗಾಲದ ಪುಡಿಯೂ ಹೀಗೇ. ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಬಹಳ ಹೊತ್ತು ಏನೂ ಆಗುವುದಿಲ್ಲ. ಒಂದು ಹಂತದಲ್ಲಿ ಕಣ ಕಣ ತಾಕಿ ದಾರಿ ಪೂರ್ತಿಯಾಗುತ್ತದೆ. ಆಗ ಪ್ರತಿರೋಧ ಸಾವಿರ, ಲಕ್ಷ ಪಟ್ಟು ದಿಢೀರನೆ ಇಳಿಯುತ್ತದೆ. ಗುಂಡಗಿನ ಕಣಗಳು ಹೇಗೆಂದರೆ ಹಾಗೆ ಹರಡಿಕೊಂಡಿದ್ದರೆ ಲೆಕ್ಕದ ಪ್ರಕಾರ ಇದಕ್ಕೆ ಗಾತ್ರದಲ್ಲಿ ಸುಮಾರು ಶೇ 16ರಷ್ಟು ಪುಡಿ ಬೇಕು. ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳನ್ನು ಹಾಕಿದರೆ ಶೇ 1ಕ್ಕಿಂತ ಕಡಿಮೆಯೂ ಸಾಕಾಗಬಹುದು. ಅವು ದಪ್ಪಕ್ಕಿಂತ ನೂರಾರು, ಸಾವಿರಾರು ಪಟ್ಟು ಉದ್ದ, ಹಾಗಾಗಿ ಬೇಗ ಒಂದಕ್ಕೊಂದು ತಾಕುತ್ತವೆ. ಪುಡಿ ಕಡಿಮೆಯಾದಷ್ಟೂ ರಬ್ಬರಿನ ಮೆತ್ತನೆ ಗುಣ ಉಳಿಯುತ್ತದೆ. ಜಾಸ್ತಿಯಾದರೆ ಪ್ಯಾಡ್ ಬಿರುಸಾಗಿ, ಮಡಚಿದಲ್ಲಿ ಸೀಳು ಬಿಡುತ್ತದೆ.

ಪ್ಯಾಡ್ ಹಳೆಯದಾದರೆ ಬದಲಾಯಿಸಿ ಅಂತ ಹೇಳುವುದು ಇದಕ್ಕೇ. ಸೀಳು ಬಿಟ್ಟ ಕಡೆ, ಮೇಲ್ಮೈ ಸವೆದ ಕಡೆ ಇಂಗಾಲದ ದಾರಿ ಕಡಿದಿರುತ್ತದೆ. ಇಡೀ ಪ್ಯಾಡಿನಲ್ಲಿ ಹರಡಬೇಕಿದ್ದ ಕರೆಂಟ್ ಒಂದು ಮೂಲೆಯಲ್ಲೇ ನುಗ್ಗುತ್ತದೆ. ‘ಚುರ್’ ಅನ್ನುವುದು, ಚರ್ಮ ಕೆಂಪಾಗುವುದು ಆಗಲೇ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಪಿನ್ ಸೇರುವ ಜಾಗಕ್ಕೊಂದು ಕಡ್ಡಿ ಇಟ್ಟು, ಇನ್ನೊಂದನ್ನು ಪ್ಯಾಡಿನ ಬೇರೆ ಬೇರೆ ಕಡೆ ಮುಟ್ಟಿಸಿ ನೋಡಿ. ಒಳ್ಳೆಯ ಪ್ಯಾಡಾದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಲೆಕ್ಕ ತೋರಿಸುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಸಿಕ್ಕಾಪಟ್ಟೆ ಏರಿದರೆ ಅದನ್ನು ಬಿಸಾಕಿ. ಜೆಲ್ ಹಚ್ಚದೆ, ಇಲ್ಲವೇ ಒದ್ದೆ ಸ್ಪಂಜ್ ಇಡದೆ ಈ ಪ್ಯಾಡ್ ಕಟ್ಟಬಾರದು. ಹೊಟ್ಟೆ ಸ್ಕ್ಯಾನಿಂಗಿಗೆ ಹಚ್ಚುವ ಜೆಲ್ ಇದಕ್ಕೆ ಸರಿಹೋಗುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಉಪ್ಪಿನಂಶ ಇರುವುದಿಲ್ಲ. ಉಪ್ಪಿಗೇನು ಕೆಲಸ ಅನ್ನುತ್ತೀರಾ? ಇಡೀ ಉತ್ತರ ನಿಂತಿರುವುದೇ ಅದರ ಮೇಲೆ. ಸ್ವಲ್ಪ ತಾಳಿ.

ಅಪ್ಪನ ಪ್ಯಾಡಿನಲ್ಲಿ ಕರೆಂಟ್ ಹೊರುವುದು ಪುಡಿ. ರಬ್ಬರ್ ಸುಮ್ನೆ ಹಿಡಿದಿಟ್ಟುಕೊಂಡಿರುತ್ತದೆ. ಮೆದುಳು, ಹೃದಯದ ಸುದ್ದಿಯಲ್ಲಿ ಬರುವುದು ಇನ್ನೊಂದು ಜಾತಿ. ಅಲ್ಲಿ ಪ್ಲಾಸ್ಟಿಕ್ಕೇ ಕರೆಂಟ್ ಹೊರುತ್ತದೆ. 1963ರಲ್ಲೇ ಆಸ್ಟ್ರೇಲಿಯಾದ ಡೊನಾಲ್ಡ್ ವೈಸ್ ಮತ್ತವರ ಜೊತೆಯವರು ಪಾಲಿಪಿರೋಲ್ ಅನ್ನುವ ಪಾಲಿಮರಿನಲ್ಲಿ ಇದನ್ನು ಕಂಡು ಬರೆದಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಜಪಾನಿನ ಹಿಡೆಕಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಒಮ್ಮೆ ಪಾಲಿಅಸಿಟಿಲೀನ್ ಅನ್ನುವ ಪಾಲಿಮರ್ ತಯಾರಿಸುವಾಗ ಕ್ರಿಯೆ ಚುರುಕುಗೊಳಿಸುವ ಕ್ಯಾಟಲಿಸ್ಟ್ ಅಳತೆ ತಪ್ಪಿ ಸಾವಿರ ಪಟ್ಟು ಜಾಸ್ತಿ ಬಿತ್ತು. ಕಪ್ಪು ಪುಡಿ ಬರಬೇಕಿದ್ದಲ್ಲಿ ಬೆಳ್ಳಿಯ ಹೊಳಪಿನ ಹಾಳೆ ಬಂತು. ಅದಕ್ಕೆ ಅವರು, ಅಮೆರಿಕದ ಅಲನ್ ಹೀಗರ್ ಮತ್ತು ಅಲನ್ ಮ್ಯಾಕ್‌ಡಿಯಾರ್ಮಿಡ್ ಸೇರಿ ಅಯೋಡಿನ್ ಹಬೆ ಹಾಯಿಸಿದರು. ಕರೆಂಟ್ ಹರಿಯುವ ಶಕ್ತಿ ಕೋಟಿ ಪಟ್ಟು ಏರಿತು. ಇದು 1977ರ ಮಾತು. 2000ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಬೆಂಗಳೂರಿನ ಐಐಎಸ್‌ಸಿಯ ಫಿಸಿಕ್ಸ್ ವಿಭಾಗದಲ್ಲಿದ್ದ ರೆಘು ಮೆನನ್ ಹೀಗರ್ ಅವರ ಜೊತೆ ಈ ವಸ್ತುಗಳ ಮೇಲೆ ಕೆಲಸ ಮಾಡಿದವರು. ನಮ್ಮೂರಿಗೆ ಈ ವಿಷಯ ಹೊಸದೇನಲ್ಲ.

ಅಯೋಡಿನ್ ಮಾಡಿದ್ದೇನು? ಈ ಪಾಲಿಮರ್ ಸರಪಳಿಯಲ್ಲಿ ಇಂಗಾಲದ ಪರಮಾಣುಗಳ ನಡುವೆ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ ಅಂತ ಸಾಲಾಗಿ ಬರುತ್ತವೆ. ಅಲ್ಲಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಒಂದು ಖಾಲಿ ಜಾಗ ಆಗುತ್ತದೆ. ಪಕ್ಕದ ಎಲೆಕ್ಟ್ರಾನ್ ಅಲ್ಲಿಗೆ ಬರುತ್ತದೆ, ಅದರ ಜಾಗ ಖಾಲಿಯಾಗುತ್ತದೆ. ಖಾಲಿ ಜಾಗ ಹೀಗೆ ಓಡಾಡುವುದೇ ಕರೆಂಟ್. ಅಯೋಡಿನ್ ಎಲೆಕ್ಟ್ರಾನ್ ಕಿತ್ತುಕೊಂಡು ತಾನು ಮೈನಸ್ ಅಯಾನ್, ಅಂದರೆ ಮೈನಸ್ ಚಾರ್ಜ್ ಹೊತ್ತ ಕಣ ಆಗಿ ಅಲ್ಲೇ ಪಕ್ಕದಲ್ಲಿ ಉಳಿಯುತ್ತದೆ. ಉಳಿಯಲೇಬೇಕು. ಸರಪಳಿಯ ಮೇಲೆ ಪ್ಲಸ್ ಚಾರ್ಜ್ ಇರುವವರೆಗೆ ಅದನ್ನು ಸರಿದೂಗಿಸಲು ಪಕ್ಕದಲ್ಲೊಂದು ಮೈನಸ್ ಅಯಾನ್ ಇರಬೇಕು. ಈ ಜೊತೆಗಾರ ಅಯಾನ್ ವಿಷಯ ನೆನಪಿಟ್ಟುಕೊಳ್ಳಿ. ವೈದ್ಯಕೀಯಕ್ಕೆ ಬೇಕಾದ ಗುಣವೆಲ್ಲ ಅಲ್ಲೇ ಇದೆ.

ಪಾಲಿಅಸಿಟಿಲೀನ್ ಗಾಳಿಗೆ ಇಟ್ಟರೆ ಕೆಡುತ್ತದೆ. ಹಾಗಾಗಿ ಅದು ನೊಬೆಲ್ ತಂದುಕೊಟ್ಟು ಹಿಂದೆ ಸರಿಯಿತು. ದೇಹದ ಕೆಲಸಕ್ಕೆ ಬಂದ ಪಾಲಿಮರ್‌ಗಳು ಬೇರೆ. ಪಾಲಿಅನಿಲಿನ್ ಅಗ್ಗ, ಮಾಡುವುದೂ ಸುಲಭ. ಆದರೆ ಅದು ಆಮ್ಲದ ನಡುವೆ ಇದ್ದರೆ ಮಾತ್ರ ಕರೆಂಟ್ ಹಾಯಿಸುತ್ತದೆ. ರಕ್ತದ ಪಿಎಚ್ 7.4ರ ಆಸುಪಾಸು. ಅಲ್ಲಿ ಬರೀ ಪಾಲಿಅನಿಲಿನ್ ಹೆಚ್ಚುಕಡಿಮೆ ಸುಮ್ಮನಾಗಿಬಿಡುತ್ತದೆ. ಪಾಲಿಪಿರೋಲ್ ಪರವಾಗಿಲ್ಲ, ಜೀವಕೋಶಗಳು ಅದರ ಮೇಲೆ ಚೆನ್ನಾಗಿ ಬೆಳೆಯುತ್ತವೆ. ಆದರೆ ಒಣಗಿದರೆ ಪುಡಿಪುಡಿ. ಈಗ ಎಲ್ಲರೂ ಹಿಂದೆ ಬಿದ್ದಿರುವುದು ಪೆಡಾಟ್ ಅನ್ನುವುದರ ಹಿಂದೆ. ಜರ್ಮನಿಯ ಬೇಯರ್ ಕಂಪನಿಯವರು 1980ರ ದಶಕದ ಕೊನೆಯಲ್ಲಿ ಇದನ್ನು ಮಾಡಿದ್ದು. ಫೋಟೊ ಫಿಲಂ ಮೇಲೆ ಸ್ಟ್ಯಾಟಿಕ್ ಕಿಡಿ ಹಾರದಂತೆ ತೆಳ್ಳಗೆ ಬಳಿಯುವುದು ಅದರ ಮೊದಮೊದಲ ಕೆಲಸಗಳಲ್ಲೊಂದು. ಔಷಧಿಗೆ ಹೆಸರಾದ ಕಂಪನಿ ಫಿಲಂ ರೋಲಿಗೆ ಅಂತ ಬಳಸಿದ್ದು ಇವತ್ತು ಮೆದುಳಿನ ಎಲೆಕ್ಟ್ರೋಡ್ ಮೇಲೆ ಕೂತಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚಿನ್ನ, ಪ್ಲಾಟಿನಂ ಇರುವಾಗ ಇದೆಲ್ಲ ಯಾಕೆ? ಕರೆಂಟ್ ಹಾಯಿಸುವುದರಲ್ಲಿ ಲೋಹವನ್ನು ಮೀರಿಸುತ್ತದೆ ಅಂತಲಾ? ಖಂಡಿತ ಅಲ್ಲ. ಕರೆಂಟ್ ಹಾಯಿಸುವ ಶಕ್ತಿಯನ್ನು ಸೀಮೆನ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಚೆನ್ನಾಗಿ ತಯಾರಿಸಿದ ಪೆಡಾಟ್ ಹಾಳೆ ಸೆಂಟಿಮೀಟರಿಗೆ 1000 ಸೀಮೆನ್ಸ್ ಆಸುಪಾಸು ಕೊಡುತ್ತದೆ. ತಾಮ್ರ ಕೊಡುವುದು ಸುಮಾರು 6 ಲಕ್ಷ. ಹಾಗಂತ ಬೇಜಾರಾಗಬೇಕಿಲ್ಲ. ನಮ್ಮ ರಕ್ತ, ಮಾಂಸಖಂಡದ ಲೆಕ್ಕ ತೆಗೆದರೆ ಅದು ಒಂದು ಸೀಮೆನ್ಸಿನ ನೂರನೇ ಒಂದು ಭಾಗವೂ ಇಲ್ಲ. ದೇಹವೇ ಅಷ್ಟು ಕಡಿಮೆ ಹಾಯಿಸುವಾಗ ಅದಕ್ಕೆ ಅಂಟಿಸುವ ವಸ್ತು ತಾಮ್ರದಷ್ಟು ಹಾಯಿಸಿ ಏನು ಪ್ರಯೋಜನ? ‘ನಮ್ಮ ಹೊಸ ಕಾಂಪೋಸಿಟ್ ಇಷ್ಟು ಸಾವಿರ ಸೀಮೆನ್ಸ್’ ಅಂತ ಸುದ್ದಿ ಬಂದಾಗ ನಾನು ಆ ಅಂಕಿಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತೇನೆ. ಉದ್ದನೆಯ ತೆಳು ತಂತಿ ಎಳೆಯುವವರಿಗೆ ಅದು ಬೇಕು. ದೇಹಕ್ಕೆ ತಾಕುವ ಜಾಗದಲ್ಲಿ ಕಷ್ಟ ಇರುವುದು ಬೇರೆ ಕಡೆ.

ತಂತಿಯಲ್ಲಿ ಓಡುವುದು ಎಲೆಕ್ಟ್ರಾನ್. ದೇಹದಲ್ಲಿ ಓಡುವುದು ಅಯಾನ್: ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್. ಉಪ್ಪುನೀರು ಅಂದರೂ ಸರಿ. ನರಕೋಶ ಸುಮ್ಮನಿರುವಾಗ ಅದರ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಸೋಡಿಯಂ ಒಳಗೆ ನುಗ್ಗಿದಾಗ ಅದು ಏರುತ್ತದೆ, ಪೊಟ್ಯಾಸಿಯಂ ಹೊರಗೆ ಹೋದಾಗ ಮತ್ತೆ ಇಳಿಯುತ್ತದೆ. ನಾವು ಕೈ ಎತ್ತುವುದು, ಹೃದಯ ಬಡಿಯುವುದು ಎಲ್ಲ ಇದರಿಂದಲೇ. ಎಲೆಕ್ಟ್ರಾನ್ ತಂತಿ ಬಿಟ್ಟು ಉಪ್ಪುನೀರಿಗೆ ಇಳಿಯುವುದಿಲ್ಲ, ಅಯಾನ್ ಲೋಹದೊಳಗೆ ಹೋಗುವುದಿಲ್ಲ. ಇಬ್ಬರೂ ಸಂಧಿಸುವ ಗೆರೆಯಲ್ಲಿ ಯಾರಾದರೂ ಲೆಕ್ಕ ಬದಲಾಯಿಸಿಕೊಡಬೇಕು.

ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ಸ್ಟಿಕ್ಕರ್ ನೋಡಿದ್ದೀರಲ್ಲ? ಕಿತ್ತ ಮೇಲೆ ಒಮ್ಮೆ ತಿರುಗಿಸಿ ನೋಡಿ. ಹೊರಗೆ ಲೋಹದ ಬಟನ್. ಒಳಗೆ ಅದರ ಬೆನ್ನಿಗೆ ಬೂದುಬಣ್ಣದ ಒಂದು ಚುಕ್ಕೆ, ಅದರ ಮೇಲೆ ತಣ್ಣನೆಯ ಅಂಟು ಜೆಲ್. ಆ ಚುಕ್ಕೆ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್. ಜೆಲ್‌ನಲ್ಲಿ ಉಪ್ಪು. ಕ್ಲೋರೈಡ್ ಅಯಾನ್ ಬಂದು ಬೆಳ್ಳಿಗೆ ಸೇರಿದರೆ ಒಂದು ಎಲೆಕ್ಟ್ರಾನ್ ತಂತಿಗೆ ಬಿಡುಗಡೆ. ತಂತಿಯಿಂದ ಎಲೆಕ್ಟ್ರಾನ್ ಬಂದರೆ ಒಂದು ಕ್ಲೋರೈಡ್ ಜೆಲ್‌ಗೆ ವಾಪಸ್. ಹೃದಯದ ಒಂದು ಮಿಲಿವೋಲ್ಟ್ ಸಿಗ್ನಲ್ ಪೇಪರಿನ ಮೇಲೆ ಗೆರೆಯಾಗುವುದು ಈ ಕೊಡು-ಕೊಳ್ಳುವಿಕೆಯಿಂದ. ಜೆಲ್ ಒಣಗಿದರೆ ಗೆರೆ ಕುಣಿಯುತ್ತದೆ, ನರ್ಸ್ ಹೊಸ ಸ್ಟಿಕ್ಕರ್ ಹಾಕುತ್ತಾರೆ. ಅಪ್ಪನ ಪ್ಯಾಡಿಗೆ ಉಪ್ಪಿನಂಶ ಇರುವ ಜೆಲ್ ಬೇಕು ಅಂದಿದ್ದೂ ಇದಕ್ಕೇ. ಆದರೆ ಬೆಳ್ಳಿಯನ್ನು ಮೆದುಳಿನೊಳಗೆ ವರ್ಷಗಟ್ಟಲೆ ಇಡುವ ಹಾಗಿಲ್ಲ. ಬೆಳ್ಳಿಯ ಅಯಾನ್ ಜೀವಕೋಶಕ್ಕೆ ವಿಷ.

ಒಳಗೆ ಇಡುವುದಕ್ಕೆ ಹೆಚ್ಚಾಗಿ ಬಳಸುವುದು ಪ್ಲಾಟಿನಂ ಇಲ್ಲವೇ ಪ್ಲಾಟಿನಂ-ಇರಿಡಿಯಂ. ಕಿವಿ ಕೇಳದವರಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನ ಆಳಕ್ಕೆ ಇಳಿಸುವ ಎಲೆಕ್ಟ್ರೋಡ್ ಎಲ್ಲ ಇದೇ. ಒಳ್ಳೆಯ ಲೋಹ, ತುಕ್ಕು ಹಿಡಿಯುವುದಿಲ್ಲ. ತೊಂದರೆ ಏನೆಂದರೆ ಅಯಾನ್‌ಗಳ ಜೊತೆ ಅದರ ವ್ಯವಹಾರವೆಲ್ಲ ಹೊರ ಮೈಯಲ್ಲೇ ಮುಗಿಯಬೇಕು. ಎಲೆಕ್ಟ್ರೋಡ್ ಸಣ್ಣದಾದಷ್ಟೂ ಆ ಮೈ ಕಡಿಮೆ. ಒಂದೇ ನರಕೋಶದ ಸದ್ದು ಹಿಡಿಯಬೇಕು ಅಂತ ಅದನ್ನು ಹತ್ತಿಪ್ಪತ್ತು ಮೈಕ್ರೋಮೀಟರಿಗೆ ಇಳಿಸಿದರೆ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಎದುರಾಗುವ ತಡೆ, ಮೆಗಾ ಓಮ್ ಹತ್ತಿರ ಹೋಗುತ್ತದೆ, ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಕರೆಂಟ್ ಕೊಡಲು ಹೋದರೆ ಇನ್ನೂ ಕಷ್ಟ. ಮಿತಿ ಮೀರಿದರೆ ನೀರು ಒಡೆದು ಗುಳ್ಳೆ ಏಳುತ್ತದೆ, ಪಿಎಚ್ ಬದಲಾಗುತ್ತದೆ, ಸುತ್ತಲಿನ ಕೋಶ ಸಾಯುತ್ತದೆ.

ಪೆಡಾಟ್ ಗೆಲ್ಲುವುದು ಇಲ್ಲಿ. ಆಗಲೇ ಹೇಳಿದ ಜೊತೆಗಾರ ಅಯಾನ್ ನೆನಪಿದೆಯಾ? ಈ ಪಾಲಿಮರ್ ನೀರಿನಲ್ಲಿ ಸ್ವಲ್ಪ ಉಬ್ಬುತ್ತದೆ, ಒಳಗೆ ಅಯಾನ್‌ಗಳಿಗೆ ಓಡಾಡಲು ಜಾಗ ಇರುತ್ತದೆ. ಸರಪಳಿಯ ಮೇಲೆ ಚಾರ್ಜ್ ಬದಲಾದ ಹಾಗೆ ದೇಹದ ಅಯಾನ್‌ಗಳು ಒಳಗೆ ಬರುತ್ತವೆ, ಹೊರಗೆ ಹೋಗುತ್ತವೆ. ಮೈ ಮಾತ್ರ ಅಲ್ಲ, ಇಡೀ ದಪ್ಪ ಕೆಲಸಕ್ಕೆ ಸಿಗುತ್ತದೆ. ಒಂದು ಘನ ಸೆಂಟಿಮೀಟರ್ ಪೆಡಾಟ್ ಚಾರ್ಜ್ ಹಿಡಿಯುವ ಸಾಮರ್ಥ್ಯ ಸುಮಾರು 40 ಫ್ಯಾರಡ್ ಅಂತ ಅಳೆದಿದ್ದಾರೆ. ಲೋಹದ ಎಲೆಕ್ಟ್ರೋಡ್ ಮೇಲೆ ಕೂದಲಿಗಿಂತಲೂ ತೆಳ್ಳಗೆ ಪೆಡಾಟ್ ಬಳಿದರೆ ಸಾಕು, ಇಂಪೀಡೆನ್ಸ್ ಹತ್ತರಿಂದ ನೂರು ಪಟ್ಟು ಇಳಿಯುತ್ತದೆ. ಸುರಕ್ಷಿತವಾಗಿ ಕೊಡಬಹುದಾದ ಚಾರ್ಜ್ ಹತ್ತಾರು ಪಟ್ಟು ಏರುತ್ತದೆ. ಲೋಹ ಹೋಗಿ ಪ್ಲಾಸ್ಟಿಕ್ ಬಂತು ಅಂತ ಸುದ್ದಿಯಲ್ಲಿ ಬರೆಯುತ್ತಾರೆ. ಹೆಚ್ಚಿನ ಕಡೆ ನಡೆಯುತ್ತಿರುವುದು ಅದಲ್ಲ. ಒಳಗೆ ಲೋಹ ಇದ್ದೇ ಇರುತ್ತದೆ, ಮೇಲಿನ ಲೇಪ ಮಾತ್ರ ಪಾಲಿಮರ್.

ಇನ್ನೊಂದು ಕಾರಣ ಮೆತ್ತಗಿರುವುದು. ಎಳೆದಾಗ ಬಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲಿ, ಮೆದುಳಿಗೆ ಚುಚ್ಚುವ ಕೆಲವು ಸೂಜಿ ಎಲೆಕ್ಟ್ರೋಡುಗಳಲ್ಲಿರುವ ಸಿಲಿಕಾನ್ ಸುಮಾರು 150 ಗಿಗಾಪಾಸ್ಕಲ್, ಮೆದುಳು ಒಂದೆರಡು ಕಿಲೋಪಾಸ್ಕಲ್. ವ್ಯತ್ಯಾಸ ಹತ್ತು ಕೋಟಿ ಪಟ್ಟಿನ ಆಸುಪಾಸು. ಪ್ರತಿ ನಾಡಿಬಡಿತಕ್ಕೆ, ಪ್ರತಿ ಉಸಿರಿಗೆ ಮೆದುಳು ಒಂದಿಷ್ಟು ಅಲುಗಾಡುತ್ತದೆ. ಅದರೊಳಗೆ ಚುಚ್ಚಿದ ಗಟ್ಟಿ ಸೂಜಿ ಅಲುಗುವುದಿಲ್ಲ. ದಿನವೂ ಉಜ್ಜಿ ಉಜ್ಜಿ ಗಾಯ. ನರಕೋಶಗಳನ್ನು ನೋಡಿಕೊಳ್ಳುವ ಗ್ಲಿಯಾ ಅನ್ನುವ ಸುತ್ತಲಿನ ಕೋಶಗಳು ಸೂಜಿಗೆ ಒಂದು ಪೊರೆ ಕಟ್ಟಿ ಅದನ್ನು ಬೇರೆ ಮಾಡುತ್ತವೆ. ಮೊದಲ ವಾರಗಳಲ್ಲಿ ಚೆನ್ನಾಗಿ ಬರುತ್ತಿದ್ದ ಸಿಗ್ನಲ್ ತಿಂಗಳುಗಳಲ್ಲಿ ಮಂಕಾಗಲು ಇದೊಂದು ದೊಡ್ಡ ಕಾರಣ.

ಹಾಗಾದರೆ ಪೆಡಾಟ್ ಒಂದೇ ಸಾಕಲ್ವಾ, ಕಾಂಪೋಸಿಟ್ ಯಾಕೆ? ಸಾಲದು. ಬರೀ ಪೆಡಾಟ್ ಯಾವುದರಲ್ಲೂ ಕರಗುವುದಿಲ್ಲ, ಬಳಿಯಲೂ ಆಗುವುದಿಲ್ಲ. ಅದಕ್ಕೆ ಪಿಎಸ್‌ಎಸ್ ಅನ್ನುವ ಇನ್ನೊಂದು ಪಾಲಿಮರ್ ಸೇರಿಸುತ್ತಾರೆ. ಅದರ ಉದ್ದ ಸರಪಳಿಯ ತುಂಬ ಮೈನಸ್ ಚಾರ್ಜ್, ಅದೇ ಜೊತೆಗಾರ ಅಯಾನ್ ಕೆಲಸ ಮಾಡುತ್ತದೆ. ಲ್ಯಾಬಿಗೆ ಬರುವುದು ಬಾಟಲಿಯಲ್ಲಿ, ಕಡುನೀಲಿ ದ್ರವ. ಮುಟ್ಟಿದ ಕಡೆ ನೀಲಿ ಕಲೆ. ಹುಳಿ ಎಷ್ಟೆಂದರೆ ಪಿಎಚ್ 2ರ ಹತ್ತಿರ. ಸೋಸಿ, ಅದಕ್ಕೆ ಸ್ವಲ್ಪ ಎಥಿಲೀನ್ ಗ್ಲೈಕಾಲ್ ಹಾಕುತ್ತೇವೆ. ಅಷ್ಟಕ್ಕೇ ಕರೆಂಟ್ ಹಾಯಿಸುವ ಶಕ್ತಿ ನೂರಾರು ಪಟ್ಟು ಏರುತ್ತದೆ, ಒಳಗಿನ ಪೆಡಾಟ್ ಸರಪಳಿಗಳು ಸರಿಯಾಗಿ ಜೋಡಿಸಿಕೊಳ್ಳುತ್ತವೆ. ಸರಪಳಿಗಳನ್ನು ಹೆಣೆಯುವ ಒಂದು ಸಿಲೇನ್ ಕೂಡ ಕೆಲವು ಹನಿ ಬೀಳಬೇಕು. ಅದನ್ನು ಮರೆತರೆ ಹಾಳೆ ನೀರಿಗೆ ಹಾಕಿದ ಕೂಡಲೇ ಬಿಟ್ಟುಕೊಂಡು ತೇಲುತ್ತದೆ. ಗಾಜಿನ ಮೇಲೆ ಹನಿಸಿ, ವೇಗವಾಗಿ ತಿರುಗಿಸಿ ತೆಳ್ಳಗೆ ಹರಡಿ, 140 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ, ಕೊನೆಗೆ ನೀರಿನಲ್ಲಿ ನೆನೆಹಾಕಿ ಮಿಕ್ಕ ಹುಳಿಯನ್ನು ತೆಗೆಯುತ್ತೇವೆ. ಉಳಿಯುವುದು ತಿಳಿನೀಲಿಯ, ಆಚೆ ಬದಿ ಕಾಣುವ ಹಾಳೆ.

ಒಣಗಿದಾಗ ಅದೂ ಗಟ್ಟಿಯೇ, ಒಂದೆರಡು ಗಿಗಾಪಾಸ್ಕಲ್. ಹಿಗ್ಗಿಸಿದರೆ ಬಿರಿಯುತ್ತದೆ. ಹಾಗಾಗಿ ಪಾಲಿಯುರೆಥೇನ್ ಜೊತೆ ಬೆರೆಸುತ್ತಾರೆ, ಇಲ್ಲವೇ ಜೆಲಾಟಿನ್, ಆಲ್ಜಿನೇಟ್, ಕೈಟೋಸಾನ್‌ನಂಥ ನೀರು ಹಿಡಿಯುವ ವಸ್ತುಗಳೊಳಗೆ ಬೆಳೆಸುತ್ತಾರೆ. ಒಂದು ಕೊಟ್ಟು ಇನ್ನೊಂದು ಪಡೆಯುವ ವ್ಯಾಪಾರ ಇದು. ನೀರು ಜಾಸ್ತಿಯಾದರೆ ಮೆತ್ತಗಾಗುತ್ತದೆ, ಕರೆಂಟ್ ಕಡಿಮೆಯಾಗುತ್ತದೆ. ಸ್ಟ್ಯಾನ್‌ಫರ್ಡಿನ ಝೆನಾನ್ ಬಾವೊ ಅವರ ತಂಡ 2017ರಲ್ಲಿ ಎರಡು ಪಟ್ಟು ಉದ್ದಕ್ಕೆ ಎಳೆದರೂ ಚೆನ್ನಾಗಿ ಕರೆಂಟ್ ಹಾಯಿಸುವ ಪೆಡಾಟ್ ಹಾಳೆ ಮಾಡಿ ತೋರಿಸಿತು. ಇಂಥದ್ದು ಬಂದಾಗ ನಾನು ಮೊದಲು ನೋಡುವುದು ಒದ್ದೆಯಲ್ಲಿ, 37 ಡಿಗ್ರಿಯಲ್ಲಿ, ವಾರಗಟ್ಟಲೆ ಇಟ್ಟ ಮೇಲೆ ಅದು ಹೇಗಿರುತ್ತದೆ ಅನ್ನುವುದನ್ನು.

ಮನುಷ್ಯರ ತನಕ ಬಂದಿದ್ದು ಏನಿದೆ? ಒಂದೆರಡು ಹೇಳುತ್ತೇನೆ. ಅಮೆರಿಕದ ದಿಯಾನ್ ಖೊದಾಘೋಲಿ, ಜಾರ್ಜ್ ಬುಜ್ಸಾಕಿ ಮತ್ತಿತರರು 2015ರಲ್ಲಿ ‘ನ್ಯೂರೋಗ್ರಿಡ್’ ಅನ್ನು ಪ್ರಕಟಿಸಿದರು. 4 ಮೈಕ್ರೋಮೀಟರ್ ದಪ್ಪದ ಹಾಳೆ, ಅದರ ಮೇಲೆ ಪೆಡಾಟ್ ಹಚ್ಚಿದ ಪುಟ್ಟ ಎಲೆಕ್ಟ್ರೋಡುಗಳು, ಒಂದೊಂದೂ ನರಕೋಶದ ಗಾತ್ರದ್ದು. ಮೆದುಳಿನ ಮೇಲೆ ಹಾಸಿದರೆ ಅದರ ಏರಿಳಿತಕ್ಕೆ ಮೈಕೊಟ್ಟು ಕೂರುತ್ತದೆ, ಚುಚ್ಚುವುದೇ ಇಲ್ಲ. ಆದರೂ ಒಂದೊಂದು ನರಕೋಶದ ಮಿಡಿತ ಮೇಲಿನಿಂದಲೇ ಸಿಕ್ಕಿತು. ಮೂರ್ಛೆರೋಗಕ್ಕೆ ಸರ್ಜರಿ ಮಾಡಿಸಿಕೊಳ್ಳುತ್ತಿದ್ದ ರೋಗಿಗಳಲ್ಲೂ ಆಪರೇಷನ್ ನಡೆಯುವಾಗ ಇದನ್ನು ಇಟ್ಟು ನೋಡಿದರು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಗಟ್ಟಿ ಕೆಲಸಗಳಲ್ಲಿ ಇದೊಂದು. ಚರ್ಮದ ಮೇಲಂತೂ ದಾರಿ ಸುಲಭ. ಜಪಾನಿನ ಎನ್‌ಟಿಟಿ ಮತ್ತು ಟೋರೆ ಕಂಪನಿಗಳು 2014ರಲ್ಲಿ ‘ಹಿಟೋಎ’ ಅನ್ನುವ ಬಟ್ಟೆ ತಂದವು. ಪಾಲಿಯೆಸ್ಟರಿನ ಬಲು ಸಣ್ಣ ಎಳೆಗಳಿಗೆ ಪೆಡಾಟ್ ಹಿಡಿಸಿದ ಬಟ್ಟೆ ಅದು. ಅದರ ಬನಿಯನ್ ಹಾಕಿಕೊಂಡರೆ ಜೆಲ್ ಇಲ್ಲದೆ ಹೃದಯದ ಸಿಗ್ನಲ್ ಸಿಗುತ್ತದೆ. ಚರ್ಮದ ಬೆವರೇ ಉಪ್ಪುನೀರಿನ ಕೆಲಸ ಮಾಡುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆಲಸವೊಂದನ್ನು ಹೇಳಲೇಬೇಕು. ಅಲ್ಲಿನ ಕೆ.ಎಸ್. ನಾರಾಯಣ್ ಅವರ ತಂಡ ಬೆಳಕು ಬಿದ್ದರೆ ಚಾರ್ಜ್ ಹುಟ್ಟಿಸುವ ಪಾಲಿಮರ್ ಮಿಶ್ರಣವೊಂದರ ಮೇಲೆ ಕೋಳಿಯ ಭ್ರೂಣದಿಂದ ತೆಗೆದ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು ಇಟ್ಟಿತು. ಅದರಲ್ಲಿ ಬೆಳಕು ಹಿಡಿಯುವ ಕೋಶಗಳು ಇನ್ನೂ ಬೆಳೆದಿರಲಿಲ್ಲ. ಅಂದರೆ ಅದು ಕುರುಡು ರೆಟಿನಾ. ಬೆಳಕು ಹಾಯಿಸಿದಾಗ ಪಾಲಿಮರ್ ಅದನ್ನು ಹಿಡಿದು ಪಕ್ಕದ ನರಕೋಶಗಳನ್ನು ಎಬ್ಬಿಸಿತು. 2014ರಲ್ಲಿ ಪ್ರಕಟವಾಯಿತು. ಇಟಲಿಯ ಫ್ಯಾಬಿಯೊ ಬೆನ್‌ಫೆನಾಟಿ, ಗುಗ್ಲಿಯೆಲ್ಮೊ ಲಂಝಾನಿ ಮೊದಲಾದವರು ಇದೇ ಬಗೆಯ ಪಾಲಿಮರ್‌ನಿಂದ ಕಣ್ಣಿಗೆ ಹಾಕುವ ಹಾಳೆ ಮಾಡಿ, ಹುಟ್ಟಿನ ದೋಷದಿಂದ ಕುರುಡಾಗುವ ಇಲಿಗಳಲ್ಲಿ ಇಟ್ಟು, ದೃಷ್ಟಿ ತಿಂಗಳುಗಟ್ಟಲೆ ಸುಧಾರಿಸಿದ್ದನ್ನು 2017ರಲ್ಲಿ ತೋರಿಸಿದರು. ಆ ಹಾಳೆಯ ತಳ ರೇಷ್ಮೆಯದ್ದು, ಮೇಲೆ ಪೆಡಾಟ್, ಅದರ ಮೇಲೆ ಬೆಳಕು ಹಿಡಿಯುವ ಪದರ. ರಾಮನಗರ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬರುವ ಗೂಡಿನ ಎಳೆಯಲ್ಲಿರುವ ಫೈಬ್ರೋಯಿನ್ ಪ್ರೋಟೀನ್ ಕಣ್ಣಿನೊಳಗೂ ಒಗ್ಗಿತು, ನೋಡಿ. ಇದಿನ್ನೂ ಇಲಿಯ ಮಾತು ಅನ್ನುವುದು ಮರೆಯಬೇಡಿ.

ನರ ಕಡಿದವರಿಗೆ ಇದರಿಂದ ಉಪಯೋಗ ಇದೆಯಾ ಅಂತ ಬಹಳ ಜನ ಕೇಳುತ್ತಾರೆ. 1997ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಅವರ ತಂಡ ಪಾಲಿಪಿರೋಲ್ ಹಾಳೆಯ ಮೇಲೆ ನರಕೋಶದಂತೆ ವರ್ತಿಸುವ ಕೋಶಗಳನ್ನು ಬೆಳೆಸಿ, ಹಾಳೆಗೆ ಕರೆಂಟ್ ಕೊಟ್ಟಿತು. ಕರೆಂಟ್ ಕೊಡದ ಕೋಶಗಳಿಗಿಂತ ಸುಮಾರು ಎರಡು ಪಟ್ಟು ಉದ್ದದ ಎಳೆಗಳು ಹೊರಟವು. ಅಲ್ಲಿಂದ ಇಂಥ ಪ್ರಯೋಗಗಳು ಎಷ್ಟೋ ಬಂದಿವೆ. ಆಸ್ಪತ್ರೆಯಲ್ಲಿ ಮಾತ್ರ ಕಡಿದ ನರಕ್ಕೆ ಇವತ್ತಿಗೂ ಹೆಚ್ಚಾಗಿ ಹೊಲಿಗೆ, ಇಲ್ಲವೇ ರೋಗಿಯದೇ ಬೇರೆ ನರದ ತುಂಡು. ಔಷಧಿ ಬಿಡುವ ಲೇಪದ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ನಂಬಿಕೆ. ಜೊತೆಗಾರ ಅಯಾನ್ ಆಗಿ ಕ್ಲೋರೈಡ್ ಬದಲು ಡೆಕ್ಸಾಮೆಥಸೋನ್ ಔಷಧಿಯ ಅಯಾನ್ ತುಂಬಿಸಿ, ವೋಲ್ಟೇಜ್ ಬದಲಾಯಿಸಿದರೆ ಪಾಲಿಮರ್ ಅದನ್ನು ಹೊರಗೆ ಬಿಡುತ್ತದೆ. ಪಿಟ್ಸ್‌ಬರ್ಗಿನ ಟ್ರೇಸಿ ಕುಯಿ ಅವರ ತಂಡ 2006ರಲ್ಲಿ ಇದನ್ನು ತೋರಿಸಿತು. ಪೇಸ್‌ಮೇಕರ್ ತಂತಿಯ ತುದಿಯಲ್ಲಿ ಇದೇ ಔಷಧಿಯನ್ನು ಇಟ್ಟು ಊತ ತಗ್ಗಿಸುವುದು ಹಳೆಯ ರೂಢಿ, ನಿಮ್ಮಮ್ಮನ ತಂತಿಯಲ್ಲೂ ಇರಬಹುದು. ಅಲ್ಲಿ ಅದು ತನ್ನಷ್ಟಕ್ಕೆ ಜಿನುಗುತ್ತದೆ. ಇಲ್ಲಿ ಬೇಕಾದಾಗ ಬಿಡಬಹುದು.

ಹೃದಯದ ಕಥೆ ಕೇಳಲು ಚೆನ್ನಾಗಿದೆ. ಹಾರ್ಟ್ ಅಟ್ಯಾಕ್ ಆದ ಜಾಗ ಸತ್ತು ಗಾಯದ ಕಲೆಯಾಗುತ್ತದೆ, ಅಲ್ಲಿ ಸಿಗ್ನಲ್ ಸರಿಯಾಗಿ ಹಾಯುವುದಿಲ್ಲ. ಸುತ್ತುಬಳಸಿ ಹೋಗುವ ಸಿಗ್ನಲ್ ಕೆಲವೊಮ್ಮೆ ಅಲ್ಲೇ ಸುತ್ತತೊಡಗಿದರೆ ಬಡಿತ ತಾಳ ತಪ್ಪುತ್ತದೆ. ಕಲೆಯ ಜಾಗಕ್ಕೆ ಕರೆಂಟ್ ಹಾಯಿಸುವ ಜೆಲ್ ಸೇರಿಸಿದರೆ? ಟೊರಾಂಟೊದ ರೆನ್-ಕೆ ಲೀ ಅವರ ತಂಡ ಕೈಟೋಸಾನ್‌ಗೆ ಪಾಲಿಪಿರೋಲ್ ಸೇರಿಸಿದ ಜೆಲ್ ಅನ್ನು ಇಲಿಗಳ ಹೃದಯಕ್ಕೆ ಕೊಟ್ಟು, ಸಿಗ್ನಲ್ ಹಾಯುವ ವೇಗವೂ ಹೃದಯದ ಕೆಲಸವೂ ಸುಧಾರಿಸಿದ್ದನ್ನು 2015ರಲ್ಲಿ ವರದಿ ಮಾಡಿತು. ಕೈಟೋಸಾನ್ ಬರುವುದು ಸಿಗಡಿ, ಏಡಿಯ ಚಿಪ್ಪಿನಿಂದ. ಇಲಿಯ ಹೃದಯ ನಿಮಿಷಕ್ಕೆ 300ಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ, ಅದರ ಗೋಡೆ ಒಂದೆರಡು ಮಿಲಿಮೀಟರ್. ಮನುಷ್ಯರದ್ದು ಸುಮಾರು ಒಂದು ಸೆಂಟಿಮೀಟರ್. ತಪ್ಪು ಜಾಗದಲ್ಲಿ ದಾರಿ ತೆರೆದರೆ ತಾಳ ಇನ್ನಷ್ಟು ಕೆಡಬಹುದು ಅನ್ನುವ ಭಯ ನನಗಿದೆ. ‘ಹಾರ್ಟಿಗೆ ಪ್ಲಾಸ್ಟಿಕ್ ತೇಪೆ ಬಂತು’ ಅನ್ನುವ ಸುದ್ದಿ ನೋಡಿ ಯಾರೂ ಮಾತ್ರೆ ನಿಲ್ಲಿಸಬಾರದು.

ಸೋಲುವುದು ಎಲ್ಲಿ ಅಂದರೆ, ಹೆಚ್ಚಾಗಿ ಅಂಟಿನಲ್ಲಿ. ಪಾಲಿಮರ್ ಲೇಪ ನೀರು ಕುಡಿದು ಉಬ್ಬುತ್ತದೆ, ಕೆಳಗಿನ ಲೋಹ ಉಬ್ಬುವುದಿಲ್ಲ. ಮಿಡಿತ ಕೊಟ್ಟಾಗಲೆಲ್ಲ ಅಯಾನ್ ಒಳಗೆ ಹೊರಗೆ ಓಡಾಡಿ ಲೇಪ ಹಿಗ್ಗಿ ಕುಗ್ಗುತ್ತದೆ. ಮೆದುಳಿಗೆ ಸೆಕೆಂಡಿಗೆ 130 ಮಿಡಿತ ಕೊಟ್ಟರೆ ದಿನಕ್ಕೆ ಕೋಟಿ ದಾಟುತ್ತದೆ. ಅಂಚಿನಲ್ಲಿ ಒಂದು ಚಕ್ಕೆ ಎದ್ದರೆ ಮುಗಿಯಿತು, ಅಲ್ಲಿಂದ ಸಿಪ್ಪೆ ಬಿಡುತ್ತದೆ. ಕಾರ್ಬನ್ ನ್ಯಾನೊಟ್ಯೂಬ್ ವಿಷಯದಲ್ಲಿ ಭಯ ಬೇರೆ. ಉದ್ದನೆಯ, ಗಟ್ಟಿಯಾದ ನ್ಯಾನೊಟ್ಯೂಬ್‌ಗಳು ಇಲಿಗಳಲ್ಲಿ ಕಲ್ನಾರು ಮಾಡುವಂಥ ಊತವನ್ನೇ ಮಾಡಿದ್ದನ್ನು 2008ರಲ್ಲಿ ತೋರಿಸಿದ್ದಾರೆ. ರಬ್ಬರಿನಲ್ಲಿ ಭದ್ರವಾಗಿ ಸಿಕ್ಕಿಕೊಂಡಿದ್ದರೆ ಸರಿ. ಸವೆದು ಹೊರಬಂದರೆ ಏನು ಅನ್ನುವುದಕ್ಕೆ ಉತ್ತರ ಕೊಡದೆ ದೇಹದೊಳಗೆ ಇಡುವಂತಿಲ್ಲ.

ದೇಹಕ್ಕೆ ತಾಕುವ ವಸ್ತುಗಳ ಪರೀಕ್ಷೆಗೆ ಐಎಸ್‌ಒ 10993 ಅನ್ನುವ ಮಾನದಂಡ ಇದೆ. ಅದು ತಾಕುವ ಕಾಲವನ್ನು ಮೂರು ಮಾಡುತ್ತದೆ: 24 ಗಂಟೆಯೊಳಗೆ, 30 ದಿನದೊಳಗೆ, ಅದಕ್ಕಿಂತ ಜಾಸ್ತಿ. ಅಪ್ಪನ ಪ್ಯಾಡ್, ಇಸಿಜಿ ಸ್ಟಿಕ್ಕರ್, ಬನಿಯನ್ ಎಲ್ಲ ಗಟ್ಟಿ ಚರ್ಮದ ಹೊರಗೆ, ಅಷ್ಟು ದೊಡ್ಡ ಪರೀಕ್ಷೆ ಬೇಡ. ಮೆದುಳಿನೊಳಗೆ ವರ್ಷಗಟ್ಟಲೆ ಇಡಬೇಕೆಂದರೆ ವಿಷವಿದೆಯಾ, ವಂಶವಾಹಿ ಕೆಡಿಸುತ್ತದಾ, ಕ್ಯಾನ್ಸರ್ ತರುತ್ತದಾ ಅಂತ ಒಂದೊಂದೇ ದಾಟಬೇಕು. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಅಂತ ವರ್ಗ ಇದೆ. ಒಳಗೆ ಹಾಕುವವು ಮೇಲಿನ ವರ್ಗಗಳಲ್ಲಿ ಬರುತ್ತವೆ. ಲ್ಯಾಬಿನ ಸುದ್ದಿಗೂ ಆಸ್ಪತ್ರೆಗೂ ಇಷ್ಟು ವರ್ಷ ಹಿಡಿಯುವುದು ಇದರಿಂದಲೇ. ನನ್ನ ಅಂದಾಜು ಕೇಳಿದರೆ, ಎಲೆಕ್ಟ್ರೋಡಿನ ಮೇಲಿನ ಲೇಪಗಳು ಮೊದಲು ಬರುತ್ತವೆ, ಹೃದಯದ ತೇಪೆ ಬಹಳ ತಡ.

ಕೊನೆಗೆ ಗ್ರಾಫೀನ್ ಬೆಲ್ಟ್. ಗ್ರಾಫೀನ್ ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಅದನ್ನು ಪಾಲಿಮರಿಗೆ ಬೆರೆಸಿದರೆ ಕರೆಂಟ್ ಹಾಯುವುದು ನಿಜ. ಆದರೆ ಇಂಥ ಬೆಲ್ಟುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಬ್ಯಾಟರಿ ಕರೆಂಟ್ ಇಂಗಾಲದ ಪದರದಲ್ಲಿ ಹರಿದು ಬಿಸಿಯಾಗುತ್ತದೆ. ನಿಮ್ಮ ದೇಹಕ್ಕೆ ಕರೆಂಟ್ ಬರುವುದಿಲ್ಲ, ನರದ ಜೊತೆ ಅದಕ್ಕೆ ಸಂಬಂಧವೂ ಇಲ್ಲ. ಬಿಸಿ ಶಾಖದಿಂದ ಸೊಂಟಕ್ಕೆ ಹಾಯೆನಿಸಬಹುದು. ಅಷ್ಟಕ್ಕೆ ಬಿಸಿನೀರಿನ ಬ್ಯಾಗ್ ಸಾಕು, ಗ್ರಾಫೀನ್ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ. ಬೆಲ್ಟೋ ಬ್ಯಾಗೋ, ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿದ್ದರೆ ಅವರ ಪಾದಕ್ಕೆ ಶಾಖ ಕೊಡಬೇಡಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.